ಸ್ಪ್ರಿಂಗ್ ಹಿಂದಿನ ಮನುಷ್ಯ: ರಾಬರ್ಟ್ ಹುಕ್

ಮೊದಲೇ ಹೇಳಿಬಿಡ್ತೀನಿ, ನಾನು ಎಲ್‌ಕೆಜಿಯಿಂದಲೂ ಇಂಗ್ಲಿಷ್ ಮೀಡಿಯಂ. ಕನ್ನಡದಲ್ಲಿ ಇಷ್ಟುದ್ದ ಬರೆಯೋದು ಇದೇ ಮೊದಲು. ಕನ್ನಡ ಪದ ಗೊತ್ತಿಲ್ಲದ ಕಡೆ ನಾವು ವರ್ಕ್‌ಶಾಪಲ್ಲಿ ಏನಂತೀವೋ ಅದನ್ನೇ ಬರೆದಿದ್ದೀನಿ, ಅಡ್ಜಸ್ಟ್ ಮಾಡ್ಕೊಳ್ಳಿ.

ಹೋದ ಸೆಮಿಸ್ಟರ್ ನಮ್ಮ ಟೆಕ್ ಫೆಸ್ಟ್‌ನಲ್ಲಿ ಆರ್‌ಸಿ ಟ್ರಕ್ ರೇಸ್ ಇತ್ತಲ್ಲ, ಅಲ್ಲಿಂದ ಈ ಕಥೆ ಶುರು. ನಮ್ಮದು 1/10 ಸ್ಕೇಲಿನ ಫೋರ್ ವೀಲ್ ಡ್ರೈವ್ ಟ್ರಕ್. ಗ್ರೌಂಡ್ ಪಕ್ಕದ ಮಣ್ಣಿನ ಟ್ರ್ಯಾಕಿನಲ್ಲಿ ಪ್ರಾಕ್ಟೀಸ್‌ಗೆ ಬಿಟ್ಟರೆ, ಜಂಪ್ ಆದಮೇಲೆ ಚೆಂಡಿನ ಥರ ಎರಡು ಸಲ ಪುಟಿದು ಪಲ್ಟಿ ಹೊಡೀತು. ನಮಗೆ ತೋಚಿದ್ದು ಒಂದೇ: ಸ್ಪ್ರಿಂಗ್ ಮೆತ್ತಗಿದೆ, ಟೈಟ್ ಮಾಡೋಣ. ಶಾಕ್ ಮೇಲಿನ ಕಾಲರ್ ತಿರುಗಿಸಿ ತಿರುಗಿಸಿ ಸ್ಪ್ರಿಂಗನ್ನ ಪೂರ್ತಿ ಕೆಳಗೆ ಒತ್ತಿದ್ವಿ. ಟ್ರಕ್ ಎತ್ತರಕ್ಕೆ ನಿಂತ್ಕೊಂಡು ನೋಡೋಕೆ ಭರ್ಜರಿಯಾಗಿತ್ತು. ಆದರೆ ಈಗ ಜಂಪ್ ಬೇಡ, ಬರೀ ತಿರುವಿನಲ್ಲೇ ಪಲ್ಟಿ ಹೊಡೆಯೋಕೆ ಶುರು ಮಾಡ್ತು.

ಆವತ್ತು ರಾತ್ರಿ ಇದನ್ನ ಸರಿ ಮಾಡಿದ್ದು ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ನಮ್ಮ ಕ್ಲಾಸಿಗೆ ಬಂದ ಒಬ್ಬ ಗೆಳೆಯ. ಅವನು ಕಾಲರ್ ಮುಟ್ಟಲೇ ಇಲ್ಲ. ಸ್ಪ್ರಿಂಗ್ ಬಿಚ್ಚಿ, ಹಾಸ್ಟೆಲ್ ಮೆಸ್ಸಿಂದ ಡಿಜಿಟಲ್ ತಕ್ಕಡಿ ಕೇಳಿ ತಂದು, ಅದರ ಮೇಲೆ ಸ್ಪ್ರಿಂಗ್ ನಿಲ್ಲಿಸಿ ಒತ್ತಿದ. 5 ಮಿಲಿಮೀಟರ್ ಒತ್ತಿದಾಗ ಸುಮಾರು 250 ಗ್ರಾಂ. 10ಕ್ಕೆ 500. 15ಕ್ಕೆ 750. ಆಮೇಲೆ, ಮೊದಲೇ 4 ಮಿಲಿಮೀಟರ್ ಒತ್ತಿಟ್ಟು ಅಲ್ಲಿಂದ ಲೆಕ್ಕ ಶುರು ಮಾಡಿದ. ತಕ್ಕಡಿ 200ರಿಂದ ಶುರುವಾಯ್ತು, ಆದರೆ ಪ್ರತಿ 5 ಮಿಲಿಮೀಟರ್‌ಗೆ ಜಾಸ್ತಿ ಆಗ್ತಿದ್ದದ್ದು ಅದೇ 250. ಅಂದ್ರೆ ಕಾಲರ್ ಟೈಟ್ ಮಾಡಿದ್ರೆ ಸ್ಪ್ರಿಂಗ್ ಗಟ್ಟಿ ಆಗೋದೇ ಇಲ್ಲ! ಗ್ರಾಫಿನ ಸ್ಲೋಪ್ ಅದೇ ಇರುತ್ತೆ, ಗೆರೆ ಮಾತ್ರ ಮೇಲಕ್ಕೆ ಹೋಗುತ್ತೆ. ನಾವು ಮಾಡಿದ್ದು ಟ್ರಕ್ಕನ್ನ ಎತ್ತರಕ್ಕೆ ಏರಿಸಿ ಅದರ ಸೆಂಟರ್ ಆಫ್ ಗ್ರಾವಿಟಿ ಹಾಳು ಮಾಡಿದ್ದು ಅಷ್ಟೇ. ಹಳ್ಳ ಬಂದಾಗ ಚಕ್ರ ಕೆಳಗಿಳಿಯೋಕೂ ಜಾಗ ಉಳಿಸಿರಲಿಲ್ಲ.

ಅವನು ಕಾಲರ್ ವಾಪಸ್ ಮೇಲೆ ತಂದ, ಶಾಕ್ ಒಳಗಿನ ಆಯಿಲ್ ತೆಗೆದು ಒಂದು ನಂಬರ್ ದಪ್ಪಗಿನ ಆಯಿಲ್ ಹಾಕಿದ. ಮಾರನೇ ದಿನ ನಾವು ಸೆಕೆಂಡ್ ಬಂದ್ವಿ. ಡಿಪಾರ್ಟ್‌ಮೆಂಟ್ ಕಾರಿಡಾರಲ್ಲಿ ಪೋಸ್ಟರ್ ಹಾಕಿದ್ವಿ, ನಾಲ್ಕು ಹೆಸರು. ಅವನ ಹೆಸರು ಇರಲಿಲ್ಲ. ರಿಜಿಸ್ಟ್ರೇಷನ್ ಫಾರ್ಮಲ್ಲಿ ಅವನಿರಲಿಲ್ಲ ಅನ್ನೋದು ನೆಪ. ಪೋಸ್ಟರ್ ಡಿಸೈನ್ ಮಾಡಿದ್ದು ನಾನೇ.

ಅವನು ತಕ್ಕಡಿ ಮೇಲೆ ತೋರಿಸಿದ್ದು ಹುಕ್ಸ್ ಲಾ ಅಂತ ನಮಗೆಲ್ಲ ಗೊತ್ತು. ಪರೀಕ್ಷೆಯಲ್ಲಿ ಎರಡು ಮಾರ್ಕಿಗೆ ಬರೆದಿದ್ದೀವಿ. ಆದರೆ ಹುಕ್ ಯಾರು? ಫೋಟೋ ಬಿಡಿ, ಒಂದು ಚಿತ್ರ ಕೂಡ ಪುಸ್ತಕದಲ್ಲಿ ನೋಡಿದ ನೆನಪಿಲ್ಲ. ಹುಡುಕಿ ಓದ್ತಾ ಹೋದಾಗ, ಚಿತ್ರ ಯಾಕಿಲ್ಲ ಅನ್ನೋದೇ ದೊಡ್ಡ ಕಥೆ ಅಂತ ಗೊತ್ತಾಯ್ತು.

ಮಾಡೆಲ್ ಮಾಡ್ತಿದ್ದ ಹುಡುಗ

ರಾಬರ್ಟ್ ಹುಕ್ ಹುಟ್ಟಿದ್ದು 1635ರ ಜುಲೈ 18ರಂದು, ಇಂಗ್ಲೆಂಡಿನ ದಕ್ಷಿಣಕ್ಕಿರುವ ಐಲ್ ಆಫ್ ವೈಟ್ ಅನ್ನೋ ದ್ವೀಪದ ಫ್ರೆಶ್‌ವಾಟರ್ ಎಂಬ ಊರಲ್ಲಿ. ಅಪ್ಪ ಅಲ್ಲಿನ ಚರ್ಚಿನಲ್ಲಿ ಪಾದ್ರಿ. ಹುಡುಗನಿಗೆ ಯಾವಾಗಲೂ ಹುಷಾರಿಲ್ಲ, ತಲೆನೋವು ಬೇರೆ. ಹಾಗಾಗಿ ಓದಿನ ಒತ್ತಡ ಹಾಕದೆ ಮನೇಲಿ ಅವನ ಪಾಡಿಗೆ ಬಿಟ್ಟರು. ಅವನು ಮಾಡಿದ್ದು ನಮ್ಮಲ್ಲಿ ಕೆಲವರು ಹಾಸ್ಟೆಲ್ ರೂಮಲ್ಲಿ ಮಾಡೋದನ್ನೇ. ಯಾರೋ ಹಿತ್ತಾಳೆ ಗಡಿಯಾರ ಬಿಚ್ಚಿದ್ದನ್ನ ನೋಡಿ, ಅದೇ ಥರ ಮರದಲ್ಲಿ ಒಂದು ಮಾಡಿದ. ಅದು ಓಡ್ತಿತ್ತಂತೆ. ಆಮೇಲೆ ಸುಮಾರು ಒಂದು ಗಜ ಉದ್ದದ ಆಟದ ಹಡಗು ಮಾಡಿದ. ಅದರಲ್ಲಿ ಹಾಯಿ, ಹಗ್ಗ ಎಲ್ಲ ಸರಿಯಾಗಿತ್ತು. ನೀರಿಗೆ ಬಿಟ್ಟರೆ ತೇಲ್ತಾ ಹೋಗ್ತಾ ಸಣ್ಣ ಫಿರಂಗಿಗಳನ್ನ ಹಾರಿಸ್ತಿತ್ತು. ರಿಮೋಟ್ ಇಲ್ಲ ಅನ್ನೋದು ಬಿಟ್ಟರೆ ಅವನೂ ನಮ್ಮವನೇ!

1648ರಲ್ಲಿ ಅಪ್ಪ ತೀರಿಹೋದಾಗ ಹುಕ್‌ಗೆ 13 ವರ್ಷ. ಅಪ್ಪ ಬಿಟ್ಟುಹೋದ 40 ಪೌಂಡ್ ಇಟ್ಕೊಂಡು ಲಂಡನ್‌ಗೆ ಬಂದ. ಚಿತ್ರ ಚೆನ್ನಾಗಿ ಬಿಡಿಸ್ತಿದ್ದ ಅಂತ ಪೀಟರ್ ಲೆಲಿ ಅನ್ನೋ ಹೆಸರಾಂತ ಚಿತ್ರಕಾರನ ಹತ್ರ ಸ್ವಲ್ಪ ದಿನ ಇದ್ದ. ಬಣ್ಣದ ವಾಸನೆಗೆ ತಲೆನೋವು ಜಾಸ್ತಿ ಆಗಿ ಅದನ್ನ ಬಿಟ್ಟ. ವೆಸ್ಟ್‌ಮಿನ್‌ಸ್ಟರ್ ಸ್ಕೂಲಿಗೆ ಸೇರಿದ. ಅಲ್ಲಿ ರಿಚರ್ಡ್ ಬಸ್ಬಿ ಅನ್ನೋ ಮೇಷ್ಟ್ರು ಇವನನ್ನ ತಮ್ಮ ಮನೇಲೇ ಇಟ್ಕೊಂಡು ಓದಿಸಿದರು. ಯೂಕ್ಲಿಡ್‌ನ ಮೊದಲ ಆರು ಪುಸ್ತಕವನ್ನ ಒಂದೇ ವಾರದಲ್ಲಿ ಮುಗಿಸಿದ ಅನ್ನೋದು ಅವನ ಬಗ್ಗೆ ಎಲ್ಲರೂ ಹೇಳೋ ಕಥೆ.

ನನಗೆ ತುಂಬ ತಟ್ಟಿದ್ದು ಇನ್ನೊಂದು ವಿಷಯ. 16 ವರ್ಷದವರೆಗೂ ಅವನ ಬೆನ್ನು ನೆಟ್ಟಗಿತ್ತಂತೆ. ಆಮೇಲೆ ಗೂನಾಗ್ತಾ ಹೋಯ್ತು. ಲೇತ್ ಮುಂದೆ ಬಗ್ಗಿ ಬಗ್ಗಿ ಕೆಲಸ ಮಾಡಿದ್ದೇ ಕಾರಣ ಅಂತ ಅವನು ನಂಬಿದ್ದ. ಡಾಕ್ಟರ್‌ಗಳು ಇವತ್ತು ಬೇರೆ ಕಾರಣ ಹೇಳಬಹುದು. ಆದರೆ ಆ ವಯಸ್ಸಿನಲ್ಲಿ ಬೆನ್ನು ಬಾಗುವಷ್ಟು ಹೊತ್ತು ಲೇತ್ ಮುಂದೆ ನಿಂತಿದ್ದ ಅನ್ನೋದಂತೂ ಇದರಿಂದ ಗೊತ್ತಾಗುತ್ತೆ.

ಸಂಬಳಕ್ಕೆ ಸೈನ್ಸ್

1653ರ ಹೊತ್ತಿಗೆ ಆಕ್ಸ್‌ಫರ್ಡ್ ಸೇರಿದ. ದುಡ್ಡಿರಲಿಲ್ಲ, ಹೊಟ್ಟೆಪಾಡಿಗೆ ಕೆಲಸ ಮಾಡ್ತಾ ಓದಬೇಕಿತ್ತು. ಅಲ್ಲಿ ರಾಬರ್ಟ್ ಬಾಯ್ಲ್‌ಗೆ ಸಹಾಯಕನಾದ. ಹೌದು, ಬಾಯ್ಲ್ಸ್ ಲಾ ಬಾಯ್ಲ್. ಬಾಯ್ಲ್ ದೊಡ್ಡ ಶ್ರೀಮಂತರ ಮನೆಯವನು. ಗಾಳಿಯ ಬಗ್ಗೆ ಪ್ರಯೋಗ ಮಾಡೋಕೆ ಒಂದು ಏರ್ ಪಂಪ್ ಬೇಕಿತ್ತು. ಬೇರೆಯವರು ಮಾಡಿಕೊಟ್ಟಿದ್ದು ಸರಿ ಬರಲಿಲ್ಲ. ಹುಕ್ ಮಾಡಿದ ಪಂಪ್ ಕೆಲಸ ಮಾಡ್ತು. 1662ರಲ್ಲಿ ಬಾಯ್ಲ್ ತನ್ನ ನಿಯಮ ಪ್ರಕಟಿಸಿದ್ದರ ಹಿಂದೆ ಹುಕ್‌ನ ಕೈ ಇತ್ತು. ಬಾಯ್ಲ್ ಒಳ್ಳೆಯವನು, ಪಂಪ್ ಮಾಡಿದ್ದು ಹುಕ್ ಅಂತ ತನ್ನ ಪುಸ್ತಕದಲ್ಲಿ ಹೆಸರು ಹಾಕಿದ. ಆ ಕಾಲದಲ್ಲಿ ಕೈಕೆಲಸದವರ ಹೆಸರು ಪುಸ್ತಕದಲ್ಲಿ ಬರೋದೇ ಅಪರೂಪ.

ಅದೇ 1662ರ ನವೆಂಬರ್‌ನಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಹುಕ್‌ನನ್ನ ಕ್ಯುರೇಟರ್ ಆಫ್ ಎಕ್ಸ್‌ಪರಿಮೆಂಟ್ಸ್ ಅಂತ ನೇಮಿಸ್ತು. ಕೆಲಸ ಏನು ಗೊತ್ತಾ? ಪ್ರತಿ ವಾರದ ಸಭೆಗೆ ಮೂರೋ ನಾಲ್ಕೋ ಪ್ರಯೋಗ ರೆಡಿ ಮಾಡಿ ತೋರಿಸಬೇಕು. ನಾವು ವಾರಕ್ಕೊಂದು ಲ್ಯಾಬ್ ರೆಕಾರ್ಡ್ ಬರೆಯೋಕೆ ಅಳ್ತೀವಿ. ಸದಸ್ಯರಲ್ಲಿ ಬಹಳಷ್ಟು ಜನ ಸ್ಥಿತಿವಂತರು, ಅವರಿಗೆ ಸೈನ್ಸ್ ಒಂದು ಹವ್ಯಾಸ. ಹುಕ್‌ಗೆ ಅದೇ ಹೊಟ್ಟೆಪಾಡು. ಆದರೂ ಶುರುವಿನಲ್ಲಿ ಸೊಸೈಟಿ ಹತ್ರ ಸಂಬಳ ಕೊಡೋಕೆ ದುಡ್ಡೇ ಇರಲಿಲ್ಲ. ಆಮೇಲೆ ಸರ್ ಜಾನ್ ಕಟ್ಲರ್ ಅನ್ನೋ ವ್ಯಾಪಾರಿ ವರ್ಷಕ್ಕೆ 50 ಪೌಂಡ್ ಕೊಡ್ತೀನಿ ಅಂತ ಒಪ್ಪಿಕೊಂಡು ಸರಿಯಾಗಿ ಕೊಡಲಿಲ್ಲ. ಹುಕ್ ಕೋರ್ಟಿಗೆ ಹೋದ. ತೀರ್ಪು ಅವನ ಕಡೆ ಬಂದಿದ್ದು 1696ರಲ್ಲಿ, ಅಂದ್ರೆ ಅವನಿಗೆ 61 ವರ್ಷ ಆದಾಗ!

ಸೊಸೈಟಿಯ ಸದಸ್ಯರಿಗೆ ಇವನು ಒಂದು ಕಡೆ ತಮ್ಮಂಥ ಫೆಲೋ, ಇನ್ನೊಂದು ಕಡೆ ಸಂಬಳದ ಆಳು. ಈ ಎರಡರ ನಡುವಿನ ಜಾಗದಲ್ಲೇ ಅವನ ಇಡೀ ಜೀವನ ಕಳೀತು. 1665ರಲ್ಲಿ ಗ್ರೆಶಮ್ ಕಾಲೇಜಿನಲ್ಲಿ ಜಾಮೆಟ್ರಿ ಪ್ರೊಫೆಸರ್ ಆದ. ಅಲ್ಲಿ ಸಿಕ್ಕ ರೂಮಲ್ಲೇ ಸಾಯೋ ತನಕ ಇದ್ದ. ಅದೇ ವರ್ಷ ಮೈಕ್ರೋಗ್ರಾಫಿಯಾ ಪುಸ್ತಕ ಬಂತು. ಮೈಕ್ರೋಸ್ಕೋಪಿನಲ್ಲಿ ಕಂಡಿದ್ದನ್ನ ಅವನು ಅದರಲ್ಲಿ ಚಿತ್ರ ಬಿಡಿಸಿ ತೋರಿಸಿದ. ಮಡಚಿಟ್ಟ ದೊಡ್ಡ ಹಾಳೆ ಬಿಚ್ಚಿದರೆ ಒಂದು ಚಿಗಟೆ, ಬೆಕ್ಕಿನಷ್ಟು ದೊಡ್ಡದು. ಬಯಾಲಜಿಯಲ್ಲಿ ನಾವು ಓದಿದ ಸೆಲ್ ಅನ್ನೋ ಪದ ಕೊಟ್ಟಿದ್ದು ಇದೇ ಪುಸ್ತಕ, ಬೆಂಡಿನ ತುಂಡಿನಲ್ಲಿ ಕಂಡ ಸಣ್ಣ ಗೂಡುಗಳಿಗೆ.

ಗಾಡಿ ಕೆಳಗಿನ ಸ್ಪ್ರಿಂಗ್

ಈಗ ಸಸ್ಪೆನ್ಷನ್‌ಗೆ ಬರೋಣ. ಆ ಕಾಲದ ಲಂಡನ್ನಿನ ಕುದುರೆ ಸಾರೋಟಿನಲ್ಲಿ ಕೂತರೆ ಸೊಂಟ ಮುರೀತಿತ್ತು. ಕಲ್ಲು ಹಾಸಿದ ರಸ್ತೆ, ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ. ಸಾರೋಟಿನ ಮೈಯನ್ನ ಚರ್ಮದ ಪಟ್ಟಿಗಳಲ್ಲಿ ನೇತುಹಾಕ್ತಿದ್ದರು, ಅಷ್ಟೇ. ಚರ್ಮ ಗಾಡಿಯನ್ನ ತೂಗಾಡಿಸುತ್ತೆ, ಆದರೆ ಏಟು ತಿಂದು ನುಂಗೋದು ಕಮ್ಮಿ.

1665ರ ಮೇ 1ರಂದು ರಾಯಲ್ ಸೊಸೈಟಿಯ ಕೆಲವರು ಕರ್ನಲ್ ಬ್ಲೌಂಟ್ ಅನ್ನೋರ ಮನೆಗೆ ಹೊರಟರು. ಆ ಗುಂಪಿನಲ್ಲಿ ಹುಕ್ ಕೂಡ ಇದ್ದ. ದಾರಿಯಲ್ಲಿ ಸ್ಯಾಮ್ಯುಯೆಲ್ ಪೆಪಿಸ್ ಸಿಕ್ಕ, ಅವನನ್ನೂ ಹತ್ತಿಸಿಕೊಂಡರು. ಈ ಪೆಪಿಸ್ ನೌಕಾಪಡೆಯ ಆಫೀಸಲ್ಲಿ ಕೆಲಸ ಮಾಡ್ತಿದ್ದವನು, ದಿನಾ ಡೈರಿ ಬರೀತಿದ್ದ. ಹಾಗಾಗಿ ಅವತ್ತು ಏನಾಯ್ತು ಅಂತ ನಮಗೆ ಗೊತ್ತು. ಊಟ ಆದಮೇಲೆ ಸಾರೋಟುಗಳ ಟೆಸ್ಟಿಂಗ್. ಒಂದು ಗಾಡಿಯ ಇಡೀ ಮೈ ಒಂದೇ ಉದ್ದನೆಯ ಸ್ಪ್ರಿಂಗ್ ಮೇಲೆ ಕೂತಿತ್ತು. ಎಲ್ಲರೂ ಸರದಿ ಮೇಲೆ ಹತ್ತಿ ಒಂದೊಂದು ರೌಂಡ್ ಹೋಗಿ ಬಂದರು. ಪೆಪಿಸ್‌ಗೆ ಅದು ತುಂಬ ಇಷ್ಟ ಆಯ್ತು.

ಈ ಸೀನ್ ನೆನೆಸ್ಕೊಂಡರೆ ನಗು ಬರುತ್ತೆ. ವಿಗ್ ಹಾಕಿದ ದೊಡ್ಡ ಮನುಷ್ಯರು ನಮ್ಮ ಥರಾನೇ ಟ್ರ್ಯಾಕ್ ಪಕ್ಕ ನಿಂತು ನಂದೊಂದ್ ರೌಂಡ್, ನಂದೊಂದ್ ರೌಂಡ್ ಅಂತ ಕಾಯ್ತಿರೋದು. ಆ ಗಾಡಿ ಹುಕ್ ಮಾಡಿದ್ದಲ್ಲ. ಎಣ್ಣೆ ತುಂಬಿದ ಶಾಕ್ ಬರೋಕೆ ಇನ್ನೂ 200 ವರ್ಷಕ್ಕೂ ಹೆಚ್ಚು ಬೇಕಿತ್ತು. ಆದರೆ ಸ್ಪ್ರಿಂಗ್ ಎಷ್ಟು ತೂಕಕ್ಕೆ ಎಷ್ಟು ಬಗ್ಗುತ್ತೆ ಅನ್ನೋ ಲೆಕ್ಕ ಇಲ್ಲದೆ ಯಾವ ಸಸ್ಪೆನ್ಷನ್ನೂ ಡಿಸೈನ್ ಮಾಡೋಕಾಗಲ್ಲ. ಆ ಲೆಕ್ಕ ಕೊಟ್ಟಿದ್ದು ಆ ಗುಂಪಿನಲ್ಲಿದ್ದ ಗೂನು ಬೆನ್ನಿನ ಪ್ರಯೋಗಗಾರ, 13 ವರ್ಷ ಆದಮೇಲೆ.

ಯಾಕೆ 13 ವರ್ಷ? ಮಧ್ಯದಲ್ಲಿ ಊರೇ ಸುಟ್ಟುಹೋಯ್ತು. 1666ರ ಸೆಪ್ಟೆಂಬರ್‌ನಲ್ಲಿ ಲಂಡನ್ನಿಗೆ ದೊಡ್ಡ ಬೆಂಕಿ ಬಿದ್ದಮೇಲೆ, ನಗರ ಮತ್ತೆ ಕಟ್ಟೋಕೆ ನೇಮಿಸಿದ ಸರ್ವೇಯರ್‌ಗಳಲ್ಲಿ ಹುಕ್ ಒಬ್ಬ. ಸುಟ್ಟ ಬೂದಿ ನಡುವೆ ಯಾರ ಸೈಟ್ ಎಲ್ಲಿಂದ ಎಲ್ಲಿಗೆ ಅಂತ ಅಳೆದು ಕೊಡೋ ಕೆಲಸ. ಗೆಳೆಯ ಕ್ರಿಸ್ಟೋಫರ್ ರೆನ್ ಜೊತೆ ಕಟ್ಟಡಗಳನ್ನೂ ಕಟ್ಟಿದ. ಬೆಂಕಿಯ ನೆನಪಿಗೆ ಕಟ್ಟಿದ 202 ಅಡಿ ಎತ್ತರದ ಮಾನ್ಯುಮೆಂಟ್ ಕಂಬ ಇವತ್ತಿಗೂ ಲಂಡನ್ನಿನಲ್ಲಿ ನಿಂತಿದೆ. ಅದರೊಳಗಿನ ಟೊಳ್ಳನ್ನ ದೊಡ್ಡ ಟೆಲಿಸ್ಕೋಪ್ ಥರ ಬಳಸೋ ಪ್ಲಾನ್ ಇತ್ತು. ಬೀದಿಯ ಗಾಡಿಗಳ ಅದುರಿನಿಂದ ಅದು ಕೈಗೂಡಲಿಲ್ಲ ಅಂತ ಹೇಳ್ತಾರೆ. ಸಸ್ಪೆನ್ಷನ್ ಇಲ್ಲದ ಗಾಡಿಗಳು ಹುಕ್‌ಗೆ ಅಲ್ಲೂ ಕಾಟ ಕೊಟ್ಟವು.

ಮೊಳೆ, ತಂತಿ, ತಟ್ಟೆ

1675ರಲ್ಲಿ ಹಾಲೆಂಡಿನ ಹೈಗೆನ್ಸ್, ಸುರುಳಿ ಸ್ಪ್ರಿಂಗ್ ಹಾಕಿದ ಕೈಗಡಿಯಾರ ಮಾಡಿದ್ದೀನಿ ಅಂತ ಹೇಳಿಕೊಂಡ. ಕೈಗಡಿಯಾರ ಅಂದ್ರೆ ಜೇಬಲ್ಲಿ ಇಡೋವಂಥದ್ದು. ಹುಕ್‌ಗೆ ಸಿಟ್ಟು ನೆತ್ತಿಗೇರ್ತು. ಆ ಐಡಿಯಾ ತನಗೆ ಎಷ್ಟೋ ವರ್ಷ ಮೊದಲೇ ಬಂದಿತ್ತು ಅಂತ ಜಗಳಕ್ಕೆ ನಿಂತ. ಥಾಮಸ್ ಟಾಂಪಿಯನ್ ಅನ್ನೋ ಗಡಿಯಾರ ಕುಶಲಕರ್ಮಿ ಹತ್ರ ಒಂದು ವಾಚ್ ಮಾಡಿಸಿ ರಾಜ ಎರಡನೇ ಚಾರ್ಲ್ಸ್‌ಗೆ ತೋರಿಸಿದ. ಆದರೆ ಹುಕ್ ತನ್ನ ಕೆಲಸವನ್ನ ಪೂರ್ತಿ ಮುಗಿಸಿ ಪ್ರಕಟಿಸಿರಲಿಲ್ಲ. ಹೆಸರು ಹೈಗೆನ್ಸ್‌ಗೇ ಹೋಯ್ತು.

ಇದು ಹುಕ್‌ನ ದೊಡ್ಡ ವೀಕ್‌ನೆಸ್. ನೂರು ಐಡಿಯಾ ಶುರು ಮಾಡ್ತಿದ್ದ, ಹತ್ತನ್ನ ಮುಗಿಸ್ತಿದ್ದ, ನೂರಕ್ಕೂ ಹಕ್ಕು ಕೇಳ್ತಿದ್ದ. ಇನ್ನು ಕದೀತಾರೆ ಅನ್ನೋ ಭಯ ಬೇರೆ. 1676ರ ಹೀಲಿಯೋಸ್ಕೋಪ್ಸ್ ಪುಸ್ತಕದ ಕೊನೆಯಲ್ಲಿ ಸ್ಪ್ರಿಂಗ್ ನಿಯಮವನ್ನ ಹೇಗೆ ಪ್ರಕಟಿಸಿದ ಗೊತ್ತಾ? ಲ್ಯಾಟಿನ್ ವಾಕ್ಯದ 14 ಅಕ್ಷರಗಳನ್ನ ಎಬಿಸಿಡಿ ಕ್ರಮದಲ್ಲಿ ಜೋಡಿಸಿ ಹಾಕಿದ. ಯಾರಿಗೂ ಅರ್ಥ ಆಗಲ್ಲ, ಆದರೆ ನಾಳೆ ಯಾರಾದರೂ ಅದೇ ಕಂಡುಹಿಡಿದರೆ ಮೊದಲು ನಾನು ಅಂತ ತೋರಿಸಬಹುದು. ಒಂಥರಾ ಪಾಸ್‌ವರ್ಡ್ ಹಾಕಿದ ಪಿಡಿಎಫ್.

ಪಾಸ್‌ವರ್ಡ್ ಬಿಚ್ಚಿದ್ದು 1678ರಲ್ಲಿ, ಡಿ ಪೊಟೆನ್ಷಿಯಾ ರೆಸ್ಟಿಟ್ಯೂಟಿವಾ ಅನ್ನೋ ಪುಸ್ತಕದಲ್ಲಿ. ಅರ್ಥ ಇಷ್ಟೇ: ಎಷ್ಟು ಹಿಗ್ಗುತ್ತೋ ಅಷ್ಟು ಬಲ. ಬಲ ದುಪ್ಪಟ್ಟಾದರೆ ಹಿಗ್ಗೋದೂ ದುಪ್ಪಟ್ಟು. ಅದನ್ನ ತೋರಿಸೋಕೆ ಅವನು ಬಳಸಿದ ಸಾಮಾನು ನೋಡಿ. 20, 30, 40 ಅಡಿ ಉದ್ದದ ಲೋಹದ ತಂತಿ, ಮೇಲೆ ಒಂದು ಮೊಳೆ, ಕೆಳಗೆ ತೂಕ ಇಡೋಕೆ ತಕ್ಕಡಿ ತಟ್ಟೆ. ಸುರುಳಿ ಸುತ್ತಿದ ತಂತಿ, ಗಡಿಯಾರದ ಸ್ಪ್ರಿಂಗ್, ಬಗ್ಗಿಸಿದ ಮರದ ಪಟ್ಟಿ, ಎಲ್ಲದರಲ್ಲೂ ಅದೇ ಫಲ. ಯಾರು ಬೇಕಾದರೂ ಮನೇಲೇ ಮಾಡಿ ನೋಡಬಹುದಾದ ಪ್ರಯೋಗ. ಮೆಸ್ ತಕ್ಕಡಿ ಮೇಲೆ ನನ್ನ ಗೆಳೆಯ ಮಾಡಿದ್ದೂ ಇದನ್ನೇ, 300 ವರ್ಷಕ್ಕೂ ಹೆಚ್ಚು ಆದಮೇಲೆ.

ಅದೇ ಹೀಲಿಯೋಸ್ಕೋಪ್ಸ್ ಪುಸ್ತಕದಲ್ಲಿ ಇನ್ನೊಂದು ಐಟಂ ಇದೆ: ಯೂನಿವರ್ಸಲ್ ಜಾಯಿಂಟ್. ಎರಡು ಫೋರ್ಕ್, ನಡುವೆ ಪ್ಲಸ್ ಆಕಾರದ ತುಂಡು. ಇದಕ್ಕೆ ಕಾರ್ಡನ್ ಜಾಯಿಂಟ್ ಅಂತಲೂ ಹೇಳ್ತಾರೆ, ಹುಕ್ಸ್ ಜಾಯಿಂಟ್ ಅಂತಲೂ ಹೇಳ್ತಾರೆ. ಅವನು ಅದನ್ನ ವಿವರಿಸಿದ್ದು ಖಗೋಳ ಉಪಕರಣ, ನೆರಳು ಗಡಿಯಾರ ಇಂಥವಕ್ಕೆ. ನಮ್ಮ ಟ್ರಕ್ಕಿನಲ್ಲಿ ಅದು ಮಾಡೋ ಕೆಲಸ ಬೇರೆ. ಸಸ್ಪೆನ್ಷನ್ ಆರ್ಮ್ ಮೇಲೆ ಕೆಳಗೆ ಆಡ್ತಿದ್ರೂ ಡಿಫರೆನ್ಷಿಯಲ್‌ನಿಂದ ಚಕ್ರಕ್ಕೆ ತಿರುಗುವ ಶಕ್ತಿ ಕಟ್ ಆಗದೆ ಹೋಗಬೇಕು. ಈ ಜಾಯಿಂಟ್ ಇಲ್ಲದಿದ್ರೆ ಇಂಡಿಪೆಂಡೆಂಟ್ ಸಸ್ಪೆನ್ಷನ್ನಿರೋ ಚಕ್ರಕ್ಕೆ ಡ್ರೈವ್ ಕೊಡೋದು ಕಷ್ಟ.

ಇದರಲ್ಲಿ ಒಂದು ಮಜಾ ಇದೆ. ಒಂದೇ ಜಾಯಿಂಟ್ ಕೋನದಲ್ಲಿ ತಿರುಗಿದಾಗ, ಈ ಕಡೆ ಸ್ಪೀಡ್ ಒಂದೇ ಸಮ ಇದ್ದರೂ ಆ ಕಡೆ ಸ್ಪೀಡ್ ಸಮ ಇರಲ್ಲ. ಕೋನ 30 ಡಿಗ್ರಿ ಇದ್ದರೆ, ಒಂದೇ ಸುತ್ತಿನಲ್ಲಿ ಎರಡು ಸಲ 0.87 ಪಟ್ಟಿಗೆ ಇಳಿದು 1.15 ಪಟ್ಟಿಗೆ ಏರುತ್ತೆ. ಶಾಫ್ಟಿನ ಎರಡೂ ತುದಿಗೆ ಜಾಯಿಂಟ್ ಹಾಕಿ, ಎರಡೂ ಕೋನ ಸಮ ಇಟ್ಟು, ನಡುವಿನ ಶಾಫ್ಟಿನ ಎರಡು ಫೋರ್ಕನ್ನ ಒಂದೇ ನೇರಕ್ಕೆ ಇಟ್ಟರೆ ಈ ಏರಿಳಿತ ಕ್ಯಾನ್ಸಲ್ ಆಗುತ್ತೆ. ನಮ್ಮ ಹಿಂದಿನ ಶಾಫ್ಟ್ ಎರಡು ತುಂಡಿನದು, ಒಂದರೊಳಗೆ ಒಂದು ಜಾರುತ್ತೆ. ಅದನ್ನ ನಾವು ಜೋಡಿಸುವಾಗ ಫೋರ್ಕ್‌ಗಳನ್ನ 90 ಡಿಗ್ರಿ ತಿರುಗಿಸಿ ಸೇರಿಸಿಬಿಟ್ಟಿದ್ವಿ. ಟ್ರಕ್ ಗಡಗಡ ಅಂತಿದ್ದದ್ದು ಅದಕ್ಕೇ. ಅದನ್ನ ಕಣ್ಣಲ್ಲಿ ನೋಡಿಯೇ ಹಿಡಿದವನೂ ಅದೇ ಗೆಳೆಯ.

ನ್ಯೂಟನ್ ಜೊತೆ ಜಗಳ

ಹುಕ್ ಹೆಸರು ಅಳಿಸಿಹೋಗೋಕೆ ಅವನ ಸ್ವಭಾವ ಅರ್ಧ ಕಾರಣ. ಇನ್ನರ್ಧ ಐಸಾಕ್ ನ್ಯೂಟನ್.

1672ರಲ್ಲಿ ನ್ಯೂಟನ್ ಬೆಳಕು ಮತ್ತು ಬಣ್ಣಗಳ ಬಗ್ಗೆ ಪೇಪರ್ ಕಳಿಸಿದಾಗ, ಹುಕ್ ಸೀನಿಯರ್ ಗತ್ತಿನಲ್ಲಿ ಅದರ ತಪ್ಪು ಎತ್ತಿ ತೋರಿಸಿದ. ನ್ಯೂಟನ್ ಅದನ್ನ ಮರೀಲಿಲ್ಲ. ದೈತ್ಯರ ಹೆಗಲ ಮೇಲೆ ನಿಂತು ದೂರ ನೋಡಿದ ಮಾತು ನಾವೆಲ್ಲ ಕೇಳಿದ್ದೀವಲ್ಲ? ನ್ಯೂಟನ್ ಅದನ್ನ ಬರೆದಿದ್ದು ಹುಕ್‌ಗೆ ಬರೆದ ಕಾಗದದಲ್ಲೇ. ಅದು ಮರ್ಯಾದೆಯೋ, ಗೂನು ಬೆನ್ನಿನವನಿಗೆ ಕೊಟ್ಟ ಕುಟುಕೋ ಅಂತ ಇನ್ನೂ ವಾದ ಮಾಡ್ತಾರೆ.

1679ರ ಕೊನೆಯಲ್ಲಿ ಹುಕ್ ನ್ಯೂಟನ್‌ಗೆ ಮತ್ತೆ ಕಾಗದ ಬರೆದ. ಗ್ರಹ ನೇರವಾಗಿ ಹೋಗೋಕೆ ನೋಡುತ್ತೆ, ಸೂರ್ಯ ಎಳೀತಾನೆ, ಎರಡೂ ಸೇರಿ ಕಕ್ಷೆ ಆಗುತ್ತೆ ಅನ್ನೋ ಯೋಚನೆ ಅದರಲ್ಲಿತ್ತು. ದೂರದ ವರ್ಗಕ್ಕೆ ತಕ್ಕಂತೆ ಆ ಎಳೆತ ಕಮ್ಮಿಯಾಗುತ್ತೆ ಅಂತ ಮುಂದಿನ ಕಾಗದದಲ್ಲಿ ಸೇರಿಸಿದ. ಆದರೆ ಅದನ್ನ ಗಣಿತದಲ್ಲಿ ಸಾಧಿಸಿ ತೋರಿಸೋದು ಹುಕ್ ಕೈಲಾಗಲಿಲ್ಲ. 1684ರಲ್ಲಿ ಹುಕ್, ರೆನ್, ಹ್ಯಾಲಿ ಮೂವರೂ ಇದೇ ವಿಷಯ ಚರ್ಚೆ ಮಾಡಿದರು. ಆಮೇಲೆ ಹ್ಯಾಲಿ ಕೇಂಬ್ರಿಡ್ಜ್‌ಗೆ ಹೋಗಿ ನ್ಯೂಟನ್‌ನ ಕೇಳಿದ. ಅದರಿಂದ ಹುಟ್ಟಿದ್ದು 1687ರ ಪ್ರಿನ್ಸಿಪಿಯಾ. ಹುಕ್ ತನಗೂ ಕ್ರೆಡಿಟ್ ಬೇಕು ಅಂದ. ನ್ಯೂಟನ್ ಕೆಂಡವಾಗಿ, ಮೂರನೇ ಭಾಗವನ್ನೇ ಪ್ರಕಟಿಸಲ್ಲ ಅಂತ ಬೆದರಿಸಿದ. ಕೊನೆಗೆ ರೆನ್, ಹ್ಯಾಲಿ ಜೊತೆ ಒಂದು ಕಡೆ ಹುಕ್ ಹೆಸರನ್ನೂ ಸೇರಿಸಿ, ಬೇರೆ ಕಡೆಗಳಲ್ಲಿ ಹೊಡೆದುಹಾಕಿದ.

ನ್ಯಾಯವಾಗಿ ಹೇಳಬೇಕಂದ್ರೆ ಗಣಿತ ಮಾಡಿದ್ದು ನ್ಯೂಟನ್. ಅದಿಲ್ಲದೆ ಐಡಿಯಾ ಬರೀ ಐಡಿಯಾ. ಆದರೆ ಆ ಕಾಗದಗಳು ಬರದೇ ಇದ್ದಿದ್ರೆ ನ್ಯೂಟನ್ ಅದೇ ದಾರಿ ಹಿಡೀತಿದ್ದನಾ? ಒಂದು ಥ್ಯಾಂಕ್ಸ್ ಹೇಳಿದ್ರೆ ಅವನ ಗಂಟೇನೂ ಹೋಗ್ತಿರಲಿಲ್ಲ.

ಚಿತ್ರವಿಲ್ಲದ ಮನುಷ್ಯ

ಕೊನೆಯ ವರ್ಷಗಳು ಕಷ್ಟದವು. 1687ರಲ್ಲಿ, ಅವನ ಜೊತೆಗೇ ಇದ್ದ ಅಣ್ಣನ ಮಗಳು ಗ್ರೇಸ್ ತೀರಿಕೊಂಡಳು. ಅಲ್ಲಿಂದ ಹುಕ್ ಕುಗ್ಗಿಹೋದ. ನಿದ್ದೆ ಮೊದಲಿಂದಲೂ ಬರ್ತಿರಲಿಲ್ಲ. ಕಾಲು ಊದಿಕೊಳ್ತು, ಕಣ್ಣು ಮಂಜಾಯ್ತು. 1703ರ ಮಾರ್ಚ್ 3ರಂದು ಗ್ರೆಶಮ್ ಕಾಲೇಜಿನ ರೂಮಲ್ಲಿ ಸತ್ತ. ಬಡವನ ಥರ ಬದುಕಿದವನ ರೂಮಲ್ಲಿ ಒಂದು ಪೆಟ್ಟಿಗೆ ಸಿಕ್ತು. ಒಳಗೆ ಸಾವಿರಾರು ಪೌಂಡ್. ರಾಯಲ್ ಸೊಸೈಟಿಗೆ ಸ್ವಂತ ಕಟ್ಟಡ ಕಟ್ಟಿಸಿಕೊಡೋ ಆಸೆ ಅವನಿಗಿತ್ತಂತೆ, ಆದರೆ ವಿಲ್ ಮಾಡಿರಲಿಲ್ಲ.

ಅದೇ ವರ್ಷ ನವೆಂಬರ್‌ನಲ್ಲಿ ನ್ಯೂಟನ್ ರಾಯಲ್ ಸೊಸೈಟಿಯ ಅಧ್ಯಕ್ಷನಾದ. ಬೆಳಕಿನ ಬಗ್ಗೆ ಬರೆದ ಆಪ್ಟಿಕ್ಸ್ ಪುಸ್ತಕವನ್ನ ಮಾರನೇ ವರ್ಷ, 1704ರಲ್ಲಿ ಹೊರತಂದ. 1710ರಲ್ಲಿ ಸೊಸೈಟಿ ಗ್ರೆಶಮ್ ಬಿಟ್ಟು ಬೇರೆ ಕಟ್ಟಡಕ್ಕೆ ಹೋಯ್ತು. ಇವತ್ತು ಹುಕ್‌ನದ್ದೇ ಅಂತ ಖಚಿತವಾಗಿ ಹೇಳಬಹುದಾದ ಒಂದೂ ಚಿತ್ರ ಉಳಿದಿಲ್ಲ. ನ್ಯೂಟನ್ ಬೇಕಂತಲೇ ಹಾಳು ಮಾಡಿದ ಅನ್ನೋದು ಕಾರಿಡಾರ್ ಗಾಸಿಪ್ ಥರದ ಮಾತು, ಅದಕ್ಕೆ ಪುರಾವೆ ಇಲ್ಲ. ಕೆಲವು ಸಲ ಅಳಿಸಿಹಾಕೋಕೆ ಯಾರೂ ಏನೂ ಮಾಡಬೇಕಿಲ್ಲ. ಸಾಮಾನು ಸಾಗಿಸುವಾಗ ಇದನ್ನೂ ತಗೊಂಡು ಹೋಗೋಣ ಅಂತ ಯಾರಿಗೂ ಅನ್ನಿಸದಿದ್ರೆ ಸಾಕು. ಅವನ ಸಮಾಧಿ ಎಲ್ಲಿ ಅಂತಲೂ ಗೊತ್ತಿಲ್ಲ. ಹೂಳಿದ್ದು ಸೇಂಟ್ ಹೆಲೆನ್ಸ್ ಚರ್ಚಿನಲ್ಲಿ, 19ನೇ ಶತಮಾನದಲ್ಲಿ ಅಲ್ಲಿನ ಮೂಳೆಗಳನ್ನ ಬೇರೆಡೆಗೆ ಸಾಗಿಸಿದರು.

2006ರಲ್ಲಿ ಇಂಗ್ಲೆಂಡಿನ ಹ್ಯಾಂಪ್‌ಶೈರ್‌ನ ಒಂದು ಮನೆಯ ಕಪಾಟಿನಲ್ಲಿ ಹುಕ್ ಕೈಬರಹದ ಹಾಳೆಗಳು ಸಿಕ್ಕವು, ಸೊಸೈಟಿ ಸಭೆಗಳ ಬಗ್ಗೆ ಬರೆದಿಟ್ಟಿದ್ದು. ರಾಯಲ್ ಸೊಸೈಟಿ ದೊಡ್ಡ ಮೊತ್ತ ಕೊಟ್ಟು ಅದನ್ನ ವಾಪಸ್ ತಗೊಳ್ತು. ಬದುಕಿದ್ದಾಗ ಸಂಬಳಕ್ಕೆ ಅಲೆದಾಡಿದವನ ಹಾಳೆಗಳವು.

ಒಂದೇ ಕೊಳವೆಯಲ್ಲಿ ಇಬ್ಬರು

ಈಗ ನಮ್ಮ ಟ್ರಕ್ಕಿನ ಒಂದು ಶಾಕ್ ಕೈಗೆ ತಗೊಳ್ಳಿ. ಹೊರಗೆ ಸುರುಳಿ ಸ್ಪ್ರಿಂಗ್. ಅದರ ಬಲ ಎಷ್ಟು ಒತ್ತಿದ್ದೀವಿ ಅನ್ನೋದರ ಮೇಲೆ. ಅದು ಹುಕ್. ಒಳಗೆ ಸಿಲಿಕೋನ್ ಆಯಿಲ್, ಅದರಲ್ಲಿ ತೂತಿರೋ ಪಿಸ್ಟನ್. ಅದರ ಬಲ ಎಷ್ಟು ಸ್ಪೀಡಲ್ಲಿ ಒತ್ತಿದ್ದೀವಿ ಅನ್ನೋದರ ಮೇಲೆ. ದ್ರವದ ಪದರಗಳು ಒಂದರ ಮೇಲೊಂದು ಜಾರುವಾಗ ಆಗೋ ತಡೆ ಆ ಸ್ಪೀಡಿಗೆ ತಕ್ಕಂತೆ ಇರುತ್ತೆ ಅನ್ನೋ ಕಲ್ಪನೆ ಪ್ರಿನ್ಸಿಪಿಯಾದಲ್ಲಿದೆ. ಅದು ನ್ಯೂಟನ್. ನಿಜವಾದ ಪಿಸ್ಟನ್ ತೂತಿನ ಲೆಕ್ಕ ಇನ್ನೂ ಸ್ವಲ್ಪ ಕಷ್ಟ, ಆದರೆ ನಮ್ಮ ವೈಬ್ರೇಷನ್ಸ್ ಪುಸ್ತಕದ ಡ್ಯಾಶ್‌ಪಾಟ್ ನಿಂತಿರೋದು ಆ ಕಲ್ಪನೆ ಮೇಲೆ.

ಸ್ಪ್ರಿಂಗ್ ಮಾತ್ರ ಇದ್ದರೆ ತಗೊಂಡ ಏಟನ್ನ ವಾಪಸ್ ಕೊಡುತ್ತೆ, ಟ್ರಕ್ ಪುಟೀತಾನೇ ಇರುತ್ತೆ. ನಮಗೆ ಮೊದಲ ದಿನ ಆಗಿದ್ದು ಅದೇ, ಆಯಿಲ್ ತೆಳ್ಳಗಿತ್ತು. ಆಯಿಲ್ ಮಾತ್ರ ಇದ್ದರೆ ಟ್ರಕ್ ಕೂತಲ್ಲೇ ಕುಸಿದು ಏಳೋದೇ ಇಲ್ಲ. ಬದುಕಿದ್ದಾಗ ಒಂದೇ ರೂಮಲ್ಲಿ ಕೂರೋಕಾಗದ ಇಬ್ಬರು ಬೆರಳುದ್ದದ ಕೊಳವೆಯಲ್ಲಿ ಪಕ್ಕಪಕ್ಕ ಕೆಲಸ ಮಾಡ್ತಿದ್ದಾರೆ. ಮುಂದಿನ ಸಲ ನಿಮ್ಮ ಟ್ರಕ್ ಪುಟಿದರೆ ಕಾಲರ್ ತಿರುಗಿಸೋ ಮೊದಲು ಇದನ್ನ ನೆನಪು ಮಾಡ್ಕೊಳ್ಳಿ. ಎತ್ತರ ಸರಿ ಇಲ್ಲದಿದ್ರೆ ಕಾಲರ್. ಗಟ್ಟಿ ಸಾಲದಿದ್ರೆ ಸ್ಪ್ರಿಂಗನ್ನೇ ಬದಲಿಸಬೇಕು. ಪುಟಿಯೋದು ನಿಲ್ಲದಿದ್ರೆ ಆಯಿಲ್.

ಈ ಬರಹ ಕಳಿಸೋ ಮೊದಲು ಒಂದು ಕೆಲಸ ಮಾಡಿದೆ. ಕಾರಿಡಾರಿನ ಹಳೇ ಪೋಸ್ಟರ್ ತೆಗೆದು, ಐದು ಹೆಸರಿರೋ ಹೊಸದು ಪ್ರಿಂಟ್ ಹಾಕಿಸಿ ಅಂಟಿಸಿದೆ. ಸಸ್ಪೆನ್ಷನ್ ಅಂತ ಬರೆದು ಅದರ ಮುಂದೆ ಅವನ ಹೆಸರು. ಮಧ್ಯಾಹ್ನ ಅವನು ಆ ಕಡೆಯಿಂದ ಬಂದ, ಒಂದು ಕ್ಷಣ ನಿಂತು ನೋಡಿದ. ಸಾರಿ ಕೇಳಬೇಕು ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಅವನೇ, ಹಿಂದಿನ ಎಡಗಡೆ ಶಾಕ್ ಲೀಕ್ ಆಗ್ತಿದೆ, ಓ ರಿಂಗ್ ತಂದ್ಯಾ ಅಂತ ಕೇಳಿದ. ತಂದಿರಲಿಲ್ಲ. ಇಬ್ಬರೂ ಸೇರಿ ತರೋಕೆ ಹೋದ್ವಿ.